ಕಾಂಟೆಸ್ಸಾಗೆ ಸೂಪ್ರಾ ಎಂಜಿನ್ ಕೂರಿಸಬಹುದೇ?

ಪ್ರಶ್ನೆ: ನನಗೆ 25 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಹತ್ತಿರ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್ ಆಗಿದ್ದೇನೆ. ತೀರ್ಥಹಳ್ಳಿ ಕಡೆ ನನ್ನ ಸೋದರಮಾವನ ತೋಟವಿದೆ. ಅಲ್ಲಿ ಅಡಿಕೆ ಒಣಗಿಸುವ ಅಂಗಳದ ಪಕ್ಕದ ಶೆಡ್ಡಿನಲ್ಲಿ ಅವರ 1986ರ ಕಾಂಟೆಸ್ಸಾ ಎಂಟು ವರ್ಷದಿಂದ ನಿಂತಿದೆ. 1.5 ಲೀಟರ್ ಪೆಟ್ರೋಲ್ ಗಾಡಿ. ಮಾವನಿಗೆ ವಯಸ್ಸಾಯಿತು, ‘ನೀನೇ ತಗೊಂಡು ಹೋಗು’ ಅಂದಿದ್ದಾರೆ. ಚಿಕ್ಕಂದಿನಿಂದ ನನಗೆ ಆ ಕಾರೆಂದರೆ ಪ್ರಾಣ. ಅದಕ್ಕೆ ಟೊಯೊಟಾ ಸೂಪ್ರಾದ 2ಜೆಝಡ್ ಟರ್ಬೊ ಎಂಜಿನ್ ಕೂರಿಸಬೇಕೆಂದು ಎರಡು ವರ್ಷದಿಂದ ವಿಡಿಯೊ ನೋಡಿ, ಬರೆದುಕೊಂಡು, ಪ್ಲಾನ್ ಮಾಡಿದ್ದೇನೆ. ಪ್ಲಾನಿನ ಪ್ರತಿ ಜೊತೆಗಿದೆ. ಜಪಾನಿನಿಂದ ಹಾಫ್ ಕಟ್ (ಎಂಜಿನ್ ಸಮೇತ ಕತ್ತರಿಸಿದ ಕಾರಿನ ಮುಂಭಾಗ) ತರಿಸಿಕೊಡುವ ಒಬ್ಬರು ಮುಂಗಡ ಕೇಳುತ್ತಿದ್ದಾರೆ. ನನ್ನ ಹತ್ತಿರ ನಾಲ್ಕು ಲಕ್ಷ ಉಳಿತಾಯವಿದೆ. ಅದೆಲ್ಲ ಎಂಜಿನ್‌ಗೇ ಹೋಗುತ್ತದೆ. ಮಿಕ್ಕ ಕೆಲಸವನ್ನು ಸಂಬಳದಲ್ಲಿ ತಿಂಗಳು ತಿಂಗಳು ಮಾಡಿಸೋಣ ಎಂದುಕೊಂಡಿದ್ದೇನೆ. ಬೈಕಿನ ಕ್ಲಚ್ ಪ್ಲೇಟ್, ಬ್ರೇಕ್ ಶೂ ನಾನೇ ಬದಲಾಯಿಸಿದ ಅನುಭವವಿದೆ. ಕಾರಿನ ಕೆಲಸ ಇದೇ ಮೊದಲು.

ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ‘ಮೊದಲು ಇರೋ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸು, ಆಮೇಲೆ ಮಾತಾಡು’ ಎಂದು ರೇಗುತ್ತಾರೆ. ಎರಡು ತಿಂಗಳಿಂದ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಈ ನಡುವೆ ಭದ್ರಾವತಿಯ ಒಬ್ಬರು ಹಳೆಯ ಎಂಜಿನ್, ಗೇರ್‌ಬಾಕ್ಸ್ ಈಗಲೇ ಬಿಚ್ಚಿಕೊಟ್ಟರೆ ಮೂವತ್ತು ಸಾವಿರ ಕೊಡುತ್ತೇನೆ ಅಂತಿದ್ದಾರೆ. ನಾನು ಮುಂದುವರಿಯಲೇ? ಎಲ್ಲಿಂದ ಶುರು ಮಾಡಲಿ? ಅಪ್ಪನನ್ನು ಹೇಗೆ ಒಪ್ಪಿಸಲಿ? ಹಳೆಯ ಎಂಜಿನ್ ಕೊಟ್ಟುಬಿಡಲೇ?

— ಹೆಸರು ಬೇಡ, ಶಿವಮೊಗ್ಗ

ಉತ್ತರ: ತುರ್ತಿನ ಮಾತು ಮೊದಲು. ಹಾಫ್ ಕಟ್ ತರಿಸುವವರಿಗೆ ಮುಂಗಡ ಕೊಡಬೇಡಿ. ‘ಕಂಟೇನರ್ ಹೊರಟಿದೆ, ಇನ್ನಿಬ್ಬರು ಕೇಳ್ತಾ ಇದ್ದಾರೆ’ ಎಂದು ಅವಸರ ಮಾಡಿದರೂ ಕೊಡಬೇಡಿ. ಕಾರಣ ಕೆಳಗೆ ವಿವರವಾಗಿ ಬರೆದಿದ್ದೇನೆ. ಅಷ್ಟನ್ನು ಓದುವ ಮೊದಲೇ ನೀವು ಫೋನಿನಲ್ಲಿ ದುಡ್ಡು ಕಳಿಸಿಬಿಟ್ಟೀರಿ ಎಂಬ ಭಯಕ್ಕೆ ಇದನ್ನು ಮೇಲೆಯೇ ಹಾಕಿದ್ದೇನೆ.

ಆಸೆಯ ಬಗ್ಗೆ ನನ್ನ ತಕರಾರಿಲ್ಲ. ಕಾಂಟೆಸ್ಸಾದ ಬಾನೆಟ್ ಎತ್ತಿ ನೋಡಿದವರಿಗೆಲ್ಲ ಈ ಯೋಚನೆ ಒಮ್ಮೆಯಾದರೂ ಬಂದಿರುತ್ತದೆ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ವಿಕ್ಟರ್ ಕಾರಿನ ಮೈಕಟ್ಟನ್ನು ತಂದು 1984ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನು ಮಾರುಕಟ್ಟೆಗೆ ಬಿಟ್ಟಿತು. ಅಷ್ಟು ದೊಡ್ಡ ಮೈಗೆ ಒಳಗಿದ್ದದ್ದು ಅಂಬಾಸಿಡರ್‌ನದೇ 1489 ಸಿಸಿ ಎಂಜಿನ್, ಸುಮಾರು 50 ಅಶ್ವಶಕ್ತಿ. ಇದು ಸಾಲದು ಎಂದು ಕಂಪನಿಗೂ ಗೊತ್ತಾಗಿ, ಮುಂದೆ ಜಪಾನಿನ ಇಸುಝು 1.8 ಲೀಟರ್ ಎಂಜಿನ್ ಕೂರಿಸಿತು. 1992ರ ಹೊತ್ತಿಗೆ ಅದೇ ಇಸುಝು ಎಂಜಿನ್ ಅಂಬಾಸಿಡರ್‌ಗೂ ಬಂತು. ಆ ಕಡೆ ಪದ್ಮಿನಿ ಮಾಡುತ್ತಿದ್ದ ಪ್ರೀಮಿಯರ್ ಕಂಪನಿ ಫಿಯೆಟ್ 124ರ ಮೈಯೊಳಗೆ ನಿಸ್ಸಾನ್ ಎಂಜಿನ್ ಇಟ್ಟು 118ಎನ್‌ಇ ಎಂದು ಮಾರಿತು. ಒಂದರ ಮೈಗೆ ಇನ್ನೊಂದರ ಎಂಜಿನ್ ಹಾಕುವುದು ಈ ದೇಶದಲ್ಲಿ ಕಂಪನಿಗಳೇ ಮಾಡಿಕೊಂಡು ಬಂದ ಕೆಲಸ. ಆದರೆ ಇಸುಝು ಎಂಜಿನ್ ಜೊತೆ ಅವರು ಐದು ಗೇರಿನ ಹೊಸ ಗೇರ್‌ಬಾಕ್ಸನ್ನೂ ತಂದರು ಎಂಬುದನ್ನು ಗಮನಿಸಿ. ಎಂಜಿನ್ ಒಂದನ್ನೇ ಬದಲಾಯಿಸಿ ಮಿಕ್ಕದ್ದನ್ನು ಸಂಬಳ ಬಂದಾಗ ನೋಡೋಣ ಎನ್ನುವ ಅನುಕೂಲ ಅವರಿಗೂ ಇರಲಿಲ್ಲ.

ನಿಮ್ಮ ಪ್ಲಾನನ್ನು ಪೂರ್ತಿ ಓದಿದೆ. ಶ್ರದ್ಧೆಯಿಂದ ಬರೆದಿದ್ದೀರಿ. ಟರ್ಬೊ ಯಾವ ಅಳತೆಯದು, ಸೈಲೆನ್ಸರ್ ಪೈಪ್ ಎಷ್ಟು ಇಂಚಿನದು, ರಿಮ್ ಯಾವ ಬಣ್ಣದ್ದು, ಮೀಟರ್ ಬೋರ್ಡ್ ಹೇಗಿರಬೇಕು, ಎಲ್ಲ ಇದೆ. ಬ್ರೇಕ್ ಎಂಬ ಮಾತು ಎರಡು ಪುಟದಲ್ಲಿ ಎಲ್ಲಿಯೂ ಇಲ್ಲ. ಪೆಟ್ರೋಲ್ ಪೈಪ್ ಇಲ್ಲ. ಪ್ರೊಪೆಲ್ಲರ್ ಶಾಫ್ಟ್ ಇಲ್ಲ. ಆರ್‌ಸಿ ಪುಸ್ತಕ ಯಾರ ಹೆಸರಲ್ಲಿದೆ, ಅದರ ಅವಧಿ ಎಂದು ಮುಗಿಯಿತು ಎಂಬುದೂ ಇಲ್ಲ. ಎಂಟು ವರ್ಷ ಮಲೆನಾಡಿನ ಮಳೆ ಕಂಡ ತಗಡಿನ ಸ್ಥಿತಿ ಹೇಗಿದೆ ಎಂದು ನೀವು ಬರೆದಿಲ್ಲ. ಕಾರಿನ ಅಡಿಗೆ ಮಲಗಿ ನೋಡಿಲ್ಲ ಎಂದೇ ಊಹಿಸುತ್ತೇನೆ. ಎರಡು ವರ್ಷ ನೀವು ಎಂಜಿನ್ ಬಗ್ಗೆ ಓದಿದ್ದೀರಿ, ಕಾರಿನ ಬಗ್ಗೆ ಓದಿಲ್ಲ.

ಕಾನೂನಿನ ವಿಷಯವನ್ನು ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮೂಲದಲ್ಲಿ ನಮೂದಿಸಿದ್ದಕ್ಕೂ ಆರ್‌ಸಿಯಲ್ಲಿರುವ ವಿವರಗಳಿಗೂ ತಾಳೆಯಾಗದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಸೇರಿತು: ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. 1489 ಸಿಸಿ ನಾಲ್ಕು ಸಿಲಿಂಡರಿನ ಗಾಡಿಗೆ 2997 ಸಿಸಿ ಆರು ಸಿಲಿಂಡರಿನ ಬೇರೆ ಕಂಪನಿಯ ಎಂಜಿನ್ ಹಾಕಿದರೆ ಅದನ್ನು ಯಾವ ಆರ್‌ಟಿಒ ಕೂಡ ಆರ್‌ಸಿಯಲ್ಲಿ ಬರೆದುಕೊಡುವುದಿಲ್ಲ. ಬರೆಸಿಕೊಡುತ್ತೇನೆ ಎನ್ನುವ ಏಜೆಂಟರು ಸಿಗುತ್ತಾರೆ, ನಂಬಬೇಡಿ. ದಂಡವನ್ನಾದರೂ ಕಟ್ಟಿ ಮುಗಿಸಬಹುದು. ಗಾಡಿ ಯಾರಿಗಾದರೂ ತಗುಲಿದ ದಿನ ವಿಮಾ ಕಂಪನಿಯ ಸರ್ವೇಯರ್ ಬಂದು ಎಂಜಿನ್ ನಂಬರ್ ನೋಡುತ್ತಾರಲ್ಲ, ಆಗ ಪರಿಹಾರದ ಹೊರೆ ನಿಮ್ಮ ತಲೆಗೇ ಬರಬಹುದು. ಅದು ಸಂಬಳದಲ್ಲಿ ತೀರುವ ಮೊತ್ತವಾಗಿರುವುದಿಲ್ಲ.

ನಿಮ್ಮದು 1986ರ ಗಾಡಿ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ಆಗ ಇನ್‌ಸ್ಪೆಕ್ಟರ್ ಗಾಡಿಯ ಎದುರೇ ನಿಂತು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಸುತ್ತಾರೆ, ಎಂಜಿನ್ ನಂಬರ್ ತಾಳೆ ಹಾಕುತ್ತಾರೆ. ಎಂಟು ವರ್ಷ ನಿಂತ ಗಾಡಿ ಎಂದ ಮೇಲೆ ನಿಮ್ಮ ಮಾವನ ಆರ್‌ಸಿ ಅವಧಿ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಪಾನಾ ಹಿಡಿಯುವ ಮುಂಚೆ ಆರ್‌ಸಿ ಹುಡುಕಿ. ಮಾವ ಗಟ್ಟಿಮುಟ್ಟಾಗಿರುವಾಗಲೇ ಫಾರಂ 29, 30ಕ್ಕೆ ಅವರ ಸಹಿ ಪಡೆದು ನಿಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಿ. ‘ನೀನೇ ತಗೊಂಡು ಹೋಗು’ ಎಂಬ ಬಾಯಿಮಾತು ನಾಳೆ ಮಾವನ ಮಕ್ಕಳ ಕಿವಿಗೆ ಬೇರೆ ಥರ ಕೇಳಿಸಬಹುದು.

ಇನ್ನೊಂದು ನಿಯಮ ನಿಮಗೆ ತಿಳಿದಿರಲಿಕ್ಕಿಲ್ಲ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ಅವಕಾಶ ಮಾಡಿತು. ಚಾಸಿ, ಮೈ, ಎಂಜಿನ್ ಮಾರ್ಪಡಿಸಿದ್ದರೆ ಆ ಮನ್ನಣೆ ಇಲ್ಲ. ನಿಮ್ಮ ಕಾರಿಗೆ 2036ಕ್ಕೆ ಐವತ್ತಾಗುತ್ತದೆ. ಕಾಂಟೆಸ್ಸಾ ತಯಾರಿಕೆ ನಿಂತು ಎರಡು ದಶಕ ಮೀರಿತು. ಅಂದಿನ ಎಂಜಿನ್ ಸಮೇತ ಉಳಿದ ಗಾಡಿಗೆ ಆಗ ಸಿಗುವ ಬೆಲೆಯೇ ಬೇರೆ.

ಕಾನೂನನ್ನು ಬದಿಗಿಟ್ಟು ಬರೀ ಕಬ್ಬಿಣದ ಮಾತಾಡಿದರೂ ಈ ಕೆಲಸ ಮೊದಲ ಪ್ರಾಜೆಕ್ಟಿಗೆ ತಕ್ಕದ್ದಲ್ಲ. ವಿಡಿಯೊದಲ್ಲಿ ಎಂಜಿನ್ ಚೈನ್ ಪುಲ್ಲಿಯಲ್ಲಿ ತೂಗುತ್ತ ಇಳಿಯುತ್ತದೆ, ಸಂಗೀತ ಬರುತ್ತದೆ, ಮುಂದಿನ ದೃಶ್ಯದಲ್ಲಿ ಗಾಡಿ ಓಡುತ್ತಿರುತ್ತದೆ. ಆ ಎರಡು ದೃಶ್ಯಗಳ ನಡುವೆ ಎರಡು ವರ್ಷ ಕತ್ತರಿ ಬಿದ್ದಿರುತ್ತದೆ. ಪೂರ್ತಿ ವಿವರಿಸಲು ಈ ಅಂಕಣ ಸಾಲದು. ಎರಡನ್ನು ಮಾತ್ರ ಹತ್ತಿರದಿಂದ ತೋರಿಸುತ್ತೇನೆ.

ಒಂದು, ಪ್ರೊಪೆಲ್ಲರ್ ಶಾಫ್ಟ್. ನಿಮ್ಮದು ಹಿಂದಿನ ಚಕ್ರ ತಿರುಗುವ ಗಾಡಿ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ ಹೌಸಿಂಗ್‌ವರೆಗೆ ಶಾಫ್ಟ್ ಹೋಗುತ್ತದೆ, ಅದರ ಎರಡೂ ತುದಿಗೆ ಯುಜೆ (ಯುನಿವರ್ಸಲ್ ಜಾಯಿಂಟ್) ಕ್ರಾಸ್. ಕ್ರಾಸ್ ಕೋನದಲ್ಲಿ ತಿರುಗುವಾಗ ಶಾಫ್ಟಿನ ವೇಗ ಒಂದೇ ಸಮ ಇರುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಮುಂದಿನ ಕ್ರಾಸ್ ಮಾಡಿದ ಈ ಏರುಪೇರನ್ನು ಹಿಂದಿನ ಕ್ರಾಸ್ ಸರಿದೂಗಿಸಬೇಕು. ಅದಕ್ಕೆ ಗೇರ್‌ಬಾಕ್ಸಿನ ಬಾಲವೂ ಹೌಸಿಂಗಿನ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರವಾಗಿರಬೇಕು, ಎರಡೂ ಕಡೆಯ ಕೋನ ಸಮ ಇರಬೇಕು, ಸಾಮಾನ್ಯವಾಗಿ ಮೂರು ಡಿಗ್ರಿಯೊಳಗೆ. ಸೊನ್ನೆಯೂ ಆಗಬಾರದು, ಹಾಗಾದರೆ ಕ್ರಾಸಿನೊಳಗಿನ ಸೂಜಿ ಬೇರಿಂಗ್ ಒಂದೇ ಜಾಗದಲ್ಲಿ ನಿಂತು ಸವೆಯುತ್ತದೆ. ಈಗ ನೀವು ಆರು ಸಿಲಿಂಡರಿನ ಉದ್ದನೆಯ ಎಂಜಿನ್ ಕೂರಿಸಲು ಅದನ್ನು ಹಿಂದಕ್ಕೆ ತಳ್ಳುತ್ತೀರಿ. ಸಂಪು ಅಡ್ಡದ ಮೆಂಬರಿಗೆ ತಾಗುತ್ತದೆಂದು ಒಂದಿಂಚು ಎತ್ತುತ್ತೀರಿ. ಬಾನೆಟ್ ಮುಚ್ಚುವುದಿಲ್ಲವೆಂದು ಬಾಲವನ್ನು ಇಳಿಸುತ್ತೀರಿ. ಗೇರ್‌ಬಾಕ್ಸ್ ದಪ್ಪವಾಯಿತೆಂದು ನೆಲದ ಟನಲ್ ಕತ್ತರಿಸುತ್ತೀರಿ. ಕಾಂಟೆಸ್ಸಾಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಟನಲ್ ಕತ್ತರಿಸಿದರೆ ಬೆನ್ನುಮೂಳೆಗೇ ಗರಗಸ ಇಟ್ಟ ಹಾಗೆ. ಇಷ್ಟೆಲ್ಲ ಆಗಿ ಗಾಡಿ ರಸ್ತೆಗಿಳಿದಾಗ, ಒಂದು ವೇಗಕ್ಕೆ ಬಂದೊಡನೆ ನೆಲ ಗುಂಯ್ ಎಂದು ನಡುಗತೊಡಗುತ್ತದೆ. ಟಯರ್ ಬ್ಯಾಲೆನ್ಸ್ ಮಾಡಿಸುತ್ತೀರಿ, ಶಾಫ್ಟ್ ಬ್ಯಾಲೆನ್ಸ್ ಮಾಡಿಸುತ್ತೀರಿ, ನಡುಕ ಹೋಗುವುದಿಲ್ಲ. ತಪ್ಪು ಇರುವುದು ಎಂದೋ ಬೆಸುಗೆ ಹಾಕಿಸಿ ಪೇಂಟ್ ಹೊಡೆಸಿದ ಎಂಜಿನ್ ಮೌಂಟಿನ ಕೋನದಲ್ಲಿ.

ಎರಡು, ಪೆಟ್ರೋಲ್. ನಿಮ್ಮ ಕಾರಿನ ಕಾರ್ಬುರೇಟರ್‌ಗೆ ಮೆಕ್ಯಾನಿಕಲ್ ಪಂಪು ಕೊಡುವ ಒತ್ತಡ ಒಂದು ಬಾರ್‌ನ ಮೂರನೇ ಒಂದು ಪಾಲೂ ಇರುವುದಿಲ್ಲ. ಇಂಜೆಕ್ಷನ್ ಎಂಜಿನ್‌ಗೆ ಸುಮಾರು ಮೂರು ಬಾರ್ ಬೇಕು. ಅಂದರೆ ಹತ್ತು ಪಟ್ಟು. ಹಳೆಯ ರಬ್ಬರ್ ಪೈಪಿಗೆ ಹೊಸ ಕ್ಲಿಪ್ ಬಿಗಿದು ಈ ಒತ್ತಡ ಬಿಟ್ಟರೆ, ಪೈಪು ಬಿರಿಯುವುದು ಕೆಂಪಗೆ ಕಾದ ಟರ್ಬೊದ ಪಕ್ಕದಲ್ಲೇ. ಟ್ಯಾಂಕಿನೊಳಗೆ ತಡೆ ಹಲಗೆ ಬೇಕು, ಇಲ್ಲವಾದರೆ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪು ಗಾಳಿ ಹೀರುತ್ತದೆ. ಹೆಚ್ಚಾದ ಪೆಟ್ರೋಲ್ ವಾಪಸ್ ಬರಲು ಇನ್ನೊಂದು ಪೈಪ್ ಬೇಕು. ಅಪಘಾತವಾದರೆ ಪಂಪು ತಾನಾಗಿ ನಿಲ್ಲುವ ಏರ್ಪಾಡು ಬೇಕು. ಇವು ಯಾವುವೂ ವಿಡಿಯೊದಲ್ಲಿ ಚೆಂದ ಕಾಣುವ ಕೆಲಸಗಳಲ್ಲ. ಹಾಗಾಗಿ ತೋರಿಸುವುದಿಲ್ಲ.

ಮಿಕ್ಕದ್ದನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಹಳೆಯ ಎಂಜಿನ್ನಿನ ನಾಲ್ಕು ಪಟ್ಟು ಟಾರ್ಕನ್ನು ಹಿಂದಿನ ಆಕ್ಸಲ್ ತಡೆಯುವುದಿಲ್ಲ. 280 ಅಶ್ವಶಕ್ತಿಯ ವೇಗವನ್ನು 50 ಅಶ್ವಶಕ್ತಿಗೆಂದು ಮಾಡಿದ ಬ್ರೇಕು ನಿಲ್ಲಿಸುವುದಿಲ್ಲ. ರೇಡಿಯೇಟರ್, ವೈರಿಂಗ್, ಇಸಿಯು, ಸ್ಟೀರಿಂಗ್ ರಾಡಿಗೂ ಎಕ್ಸಾಸ್ಟಿಗೂ ನಡುವಿನ ಜಾಗ, ಒಂದೊಂದೂ ಒಂದೊಂದು ಪ್ರಾಜೆಕ್ಟು. ದುಡ್ಡಿನ ಲೆಕ್ಕ ಸರಳ: ಇಂಥ ಕೆಲಸದಲ್ಲಿ ಎಂಜಿನ್ ಬೆಲೆ ಒಟ್ಟು ಖರ್ಚಿನ ಮೂರರಲ್ಲಿ ಒಂದು ಭಾಗ ಎಂದು ಹಿಡಿಯಿರಿ. ಇದ್ದ ನಾಲ್ಕು ಲಕ್ಷವನ್ನೂ ಎಂಜಿನ್‌ಗೆ ಸುರಿದರೆ ಬಿಚ್ಚಿದ ಕಾರು ಒಂದು ಮೂಲೆ, ಟಾರ್ಪಾಲು ಹೊದ್ದ ಎಂಜಿನ್ ಇನ್ನೊಂದು ಮೂಲೆ. ಕೊನೆಗೆ ಎರಡನ್ನೂ ಕಿಲೋ ಲೆಕ್ಕದಲ್ಲಿ ತೂಗಿಸಿಕೊಳ್ಳಲು ಗುಜರಿಯವರು ಬರುತ್ತಾರೆ.

ಹಾಗಾದರೆ 1.8 ಇಸುಝು? ಕಂಪನಿಯೇ ಹಾಕಿದ ಎಂಜಿನ್ ತಾನೆ ಎಂದು ಕೇಳುತ್ತೀರಿ. ಮೆಕ್ಯಾನಿಕಲ್ಲಾಗಿ ಅದು ಎಷ್ಟೋ ವಾಸಿ. ಮೌಂಟ್, ಶಾಫ್ಟ್, ಗೇರ್‌ಬಾಕ್ಸ್ ಎಲ್ಲ ಇನ್ನೊಂದು ಕಾಂಟೆಸ್ಸಾದಿಂದಲೇ ಸಿಗುತ್ತವೆ. ಆದರೂ ನಿಮ್ಮ ಆರ್‌ಸಿಯಲ್ಲಿರುವ ಸಿಸಿಗೂ ಅದಕ್ಕೂ ತಾಳೆ ಬೀಳುವುದಿಲ್ಲ. ಮೊದಲು ಆರ್‌ಟಿಒಗೆ ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ಪಡೆಯದೆ ಒಂದು ಬೋಲ್ಟನ್ನೂ ಸಡಿಲಿಸಬೇಡಿ. ನನ್ನನ್ನು ಕೇಳಿದರೆ, 1.8 ಬೇಕೇ ಬೇಕೆನ್ನುವವರು ಕಾರ್ಖಾನೆಯಿಂದಲೇ 1.8 ಆಗಿ ಹೊರಬಂದ ಕಾಂಟೆಸ್ಸಾವನ್ನು ಹುಡುಕಿ ಕೊಳ್ಳುವುದು ಅಗ್ಗ, ನೆಮ್ಮದಿ.

ನೀವು ಮಾಡಬೇಕಾದ್ದು ನಿಮ್ಮ ಅಪ್ಪ ಹೇಳಿದ್ದನ್ನೇ. ಇರುವ ಎಂಜಿನ್ ಸ್ಟಾರ್ಟ್ ಮಾಡಿ.

ಇದನ್ನು ಸಣ್ಣ ಕೆಲಸ ಎಂದುಕೊಳ್ಳಬೇಡಿ. ಒಂದು ಉಳಿ ಮೊನೆಯಂಥ ಸ್ಕ್ರೂಡ್ರೈವರ್ ತೆಗೆದುಕೊಂಡು ಕಾರಿನ ಅಡಿಗೆ ಹೋಗಿ. ಬ್ಯಾಟರಿ ಇಡುವ ತಟ್ಟೆಯ ಕೆಳಗೆ, ಬಾಗಿಲಿನ ಕೆಳಗಿನ ಪಟ್ಟಿ, ಮುಂದಿನ ಮೆಂಬರ್ ಮೈಗೆ ಸೇರುವ ಜಾಗ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಕಾಲಿಡುವ ನೆಲ, ಇಲ್ಲೆಲ್ಲ ಗಟ್ಟಿಯಾಗಿ ಒತ್ತಿ. ಠಣ್ ಎಂದರೆ ತಗಡು ಬದುಕಿದೆ. ಬಿಸ್ಕತ್ತಿನ ಹಾಗೆ ಪುಡಿಯುದುರಿ ಒಳಹೊಕ್ಕರೆ ಅಲ್ಲಿಗೆ ಚಾಕ್ ಗುರುತು ಹಾಕಿ. ಗುರುತುಗಳನ್ನು ಎಣಿಸಿದ ಮೇಲೆ ಟಿಂಕರಿಂಗ್ ಖರ್ಚಿನ ಅಂದಾಜು ಸಿಗುತ್ತದೆ. ಮೆಂಬರ್ ಮತ್ತು ಸ್ಪ್ರಿಂಗ್ ಜಾಗಗಳೇ ತೂತಾಗಿದ್ದರೆ ಪ್ರಾಜೆಕ್ಟಿನ ದಿಕ್ಕೇ ಬೇರೆ. ಆಗ ಮೊದಲ ದುಡ್ಡು ಅಲ್ಲಿಗೇ ಹೋಗಬೇಕು. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ. ಕೆಳಗೆ ಸ್ಟ್ಯಾಂಡ್ ಇರಲಿ, ಅಥವಾ ದಪ್ಪ ಮರದ ದಿಮ್ಮಿ. ಸೈಜುಗಲ್ಲು, ಇಟ್ಟಿಗೆ ಬೇಡ, ಅವು ಒಡೆಯುತ್ತವೆ.

ಎಂಜಿನ್‌ಗೆ ಬ್ಯಾಟರಿ ಕೊಟ್ಟು ಕೀ ತಿರುಗಿಸಿಬಿಡಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ, ತೂತಿನಲ್ಲಿ ಎರಡೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದೆರಡು ದಿನ ಬಿಡಿ. ಆಮೇಲೆ ಗೇರ್ ನ್ಯೂಟ್ರಲ್‌ಗೆ ತಂದು ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಹಟ ಹಿಡಿದರೆ ಬಲ ಪ್ರಯೋಗ ಬೇಡ, ಇನ್ನಷ್ಟು ಎಣ್ಣೆ ಬಿಟ್ಟು ಕಾಯಿರಿ. ತಿರುಗಿತು ಅಂದರೆ ಅರ್ಧ ಗೆದ್ದಿರಿ. ಟ್ಯಾಂಕಿನ ಹಳೆಯ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಎಂಟು ವರ್ಷಕ್ಕೆ ಅದು ವಾರ್ನಿಷ್ ವಾಸನೆ ಹೊಡೆಯುತ್ತಿರುತ್ತದೆ. ಈಗ ಬಂಕಿನಲ್ಲಿ ಬರುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲು, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಪೆಟ್ರೋಲ್ ಪೈಪುಗಳು, ಪಂಪಿನ ಡಯಾಫ್ರಮ್, ಕಾರ್ಬುರೇಟರ್ ಕಿಟ್ ಹೊಸದು ಹಾಕಿ. ಏರ್ ಫಿಲ್ಟರ್ ಡಬ್ಬಿ ತೆರೆಯುವಾಗ ಮುಖ ದೂರ ಇರಲಿ. ಅಡಿಕೆ ಶೆಡ್ಡಿನಲ್ಲಿ ನಿಂತ ಕಾರು, ಇಲಿಯ ಸಂಸಾರ ಅಲ್ಲಿರುವುದೇ ಹೆಚ್ಚು. ವೈರುಗಳನ್ನೂ ಅವು ರುಚಿ ನೋಡಿರುತ್ತವೆ. ಬ್ರೇಕಿನ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್‌ಗಳ ರಬ್ಬರ್, ಹೋಸ್‌ಗಳು ಎಲ್ಲವೂ ಹೊಸದಾಗದೆ ಗಾಡಿ ಶೆಡ್ಡಿನಿಂದ ಹೊರಗೆ ಬರಬಾರದು. ಹಳೇ ಕಾರಿನ ಕೆಲಸದಲ್ಲಿ ಎಂಜಿನ್‌ಗಿಂತ ಮೊದಲು ಬ್ರೇಕು. ಈ ಕ್ರಮದಲ್ಲಿ ರಿಯಾಯಿತಿ ಇಲ್ಲ.

ಸ್ಟಾರ್ಟ್ ಆದ ಮೇಲೆ ಹೊಗೆ ನೀಲಿ ಬಂದರೆ, ಆಯಿಲ್ ಒತ್ತಡ ಬೀಳುತ್ತಿದ್ದರೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕಲಿಕೆ ಶುರುವಾಗುವುದೇ ಅಲ್ಲಿ. ಎಂಜಿನ್ ಇಳಿಸಿ, ಬೋರ್ ಅಳೆಯಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿ, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಮಾಡಿಸಿ, ನೀವೇ ಕೂಡಿಸಿ. ಎಂಜಿನ್ ಇಳಿಸುವುದು, ಏರಿಸುವುದು, ಕ್ಲಚ್ ಸೆಂಟರ್ ಮಾಡಿ ಗೇರ್‌ಬಾಕ್ಸ್ ಹೊಂದಿಸುವುದು, ನಿಮ್ಮ ಕನಸಿನ ಸ್ವಾಪ್‌ಗೆ ಬೇಕಾದ ಕೈಚಳಕವೆಲ್ಲ ಇದರಲ್ಲೇ ಬಂದುಬಿಡುತ್ತದೆ. ತಪ್ಪಿದರೆ ನಷ್ಟ ಸಾವಿರಗಳಲ್ಲಿ, ಲಕ್ಷಗಳಲ್ಲಲ್ಲ. ಅಂಬಾಸಿಡರ್ ಎಂಜಿನ್ನಿಗೆ ಇವತ್ತಿಗೂ ಸಾಮಾನು ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ಕಾರಿನ ಮೈಯ ಸಾಮಾನು, ಗಾಜು, ಲೈಟು ಹುಡುಕುವುದೇ ಕಷ್ಟ. ಅವು ಕಂಡಲ್ಲಿ ಕೊಂಡಿಟ್ಟುಕೊಳ್ಳಿ. ಸಿಎನ್‌ಸಿ ಕೆಲಸದವರು ನೀವು, ಮೈಕ್ರೋಮೀಟರ್ ಹಿಡಿಯಲು ಬರುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ಬೆರಳಾಡಿಸಿ ‘ಸರಿ ಇದೆ’ ಎನ್ನುವುದನ್ನು ನೀವು ಅಳೆದು ಹೇಳಬಲ್ಲಿರಿ. ಇದು ಸಣ್ಣ ಬಂಡವಾಳವಲ್ಲ.

ಆ ಎಂಜಿನ್ ಬಗ್ಗೆ ತಾತ್ಸಾರವೂ ಬೇಡ. ಅದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ವಂಶದ್ದು. 1955ರಲ್ಲಿ ಬಂದ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದೂ ಇದೇ 1489 ಸಿಸಿ ಎಂಜಿನ್. ಎರಡು ಕಾರ್ಬುರೇಟರ್, ಬೇರೆ ಹೆಡ್, ಹೆಚ್ಚಿನ ಕಂಪ್ರೆಷನ್, ಅಷ್ಟರಲ್ಲಿ ಅಲ್ಲಿ 70ರ ಆಸುಪಾಸಿನ ಅಶ್ವಶಕ್ತಿ ಬರುತ್ತಿತ್ತು. ನಿಮ್ಮ ಎಂಜಿನ್ನಿನ ಪೋರ್ಟುಗಳನ್ನು ನಯಗೊಳಿಸಿ, ವಾಲ್ವು ಚೆನ್ನಾಗಿ ಕೂರಿಸಿ, ಟೈಮಿಂಗ್ ಸರಿಯಿಟ್ಟರೆ ಕಂಪನಿ ಕೊಟ್ಟಷ್ಟಾದರೂ ಪೂರ್ತಿ ಸಿಗುತ್ತದೆ. ಎಂಜಿನ್ ನಂಬರ್ ಅದೇ, ಸಿಸಿ ಅದೇ, ಹೊಗೆ ತಪಾಸಣೆ ಪಾಸಾದರೆ ಯಾರ ತಕರಾರೂ ಇಲ್ಲ. ಆಗುಂಬೆ ಘಾಟಿಯನ್ನು ಮೂರನೇ ಗೇರಿನಲ್ಲಿ ಹತ್ತುತ್ತದೆ ಎಂದು ಮಾತ್ರ ಆಸೆ ತೋರಿಸಲಾರೆ.

ಇಷ್ಟೆಲ್ಲ ಆದ ಮೇಲೂ ಬೇರೆ ಎಂಜಿನ್ ಕೂರಿಸುವ ಹುಚ್ಚು ಇಳಿಯದಿದ್ದರೆ ಅದಕ್ಕೊಂದು ದಾರಿಯಿದೆ. ಆದರೆ ಮಾವನ ಕಾರಿನ ಮೇಲೆ ಅಲ್ಲ. ನೋಂದಣಿ ರದ್ದಾದ ಒಂದು ಎಸ್ಟೀಮ್ ಮೈ ಹುಡುಕಿ. ಅದರ 1.3 ಎಂಜಿನ್ನೂ ಹಳೆಯ ಬಲೆನೊದ 1.6 ಎಂಜಿನ್ನೂ ಸುಝುಕಿಯ ಒಂದೇ ‘ಜಿ’ ವಂಶದವು. ಹಾಗಿದ್ದೂ 1.6ರ ಬ್ಲಾಕ್ ಎತ್ತರ, ವೈರಿಂಗ್ ಬೇರೆ. ಅಣ್ಣತಮ್ಮಂದಿರ ನಡುವೆಯೂ ಎಷ್ಟು ತಕರಾರಿರುತ್ತದೆ ಎಂದು ಅಲ್ಲಿ ಕಲಿಯುತ್ತೀರಿ. ಅಂಥ ಗಾಡಿಗೆ ರಸ್ತೆ ಇಲ್ಲ. ಲಾರಿಯ ಮೇಲೆ ಹೇರಿಕೊಂಡು ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಹೋಗಿ, ನಿಯಮದಂತೆ ಹೆಲ್ಮೆಟ್, ರೋಲ್ ಕೇಜ್, ಲೈಸೆನ್ಸ್ ಇಟ್ಟುಕೊಂಡು ಓಡಿಸಬೇಕು. ಅಂಥದ್ದನ್ನು ನೋಡಬೇಕೆಂದರೆ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಗೆ ಹೋಗಿ. ಕಾರು ಓಡುವುದನ್ನು ನೋಡುವುದಕ್ಕಿಂತ ಸರ್ವಿಸ್ ಜಾಗದಲ್ಲಿ ಮೆಕ್ಯಾನಿಕ್‌ಗಳು ಕೆಲಸ ಮಾಡುವುದನ್ನು ನಿಂತು ನೋಡಿ.

ಇನ್ನು ಅಪ್ಪ. ಒಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ನಿಮ್ಮ ಪತ್ರದಲ್ಲಿ ಅವರು ಅಡ್ಡಿಯಾಗಿ ಬಂದಿದ್ದಾರೆ. ನನಗೆ ಕಂಡದ್ದು ಬೇರೆ: ಸರ್ಕಾರಿ ಡಿಪೋದಲ್ಲಿ ಬದುಕೆಲ್ಲ ಎಂಜಿನ್ ಇಳಿಸಿ ಏರಿಸಿದ ಮೆಕ್ಯಾನಿಕ್ ಒಬ್ಬರು ನಿಮ್ಮ ಮನೆಯ ಜಗುಲಿಯಲ್ಲೇ ಪೇಪರ್ ಓದುತ್ತ ಕೂತಿದ್ದಾರೆ. ಬೇರೆಯವರು ಇಂಥವರನ್ನು ದಿನಗೂಲಿ ಕೊಟ್ಟು ಹುಡುಕುತ್ತಾರೆ. ಬಸ್ಸು ಡಿಪೋಗಳಲ್ಲಿ ಎಂಜಿನ್ ಬದಲಾವಣೆ ದಿನನಿತ್ಯದ್ದು; ಕೆಟ್ಟ ಎಂಜಿನ್ ಇಳಿಸಿ, ಸರಿಮಾಡಿದ ಅದೇ ಮಾದರಿಯ ಇನ್ನೊಂದನ್ನು ಏರಿಸಿ, ಬಸ್ಸನ್ನು ರೂಟಿಗೆ ಕಳಿಸುತ್ತಾರೆ. ಮೇಲೆ ಹೇಳಿದ 52ನೇ ಕಲಮಿನಲ್ಲೇ, ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಇಟ್ಟುಕೊಂಡವರಿಗೆ ಅದೇ ಮೇಕು, ಅದೇ ಮಾದರಿಯ ಎಂಜಿನ್ ಬದಲಾಯಿಸಿಕೊಳ್ಳಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು ಎಂದಿದೆ. ನೀವು ಕನಸು ಕಾಣುತ್ತಿರುವ ಕೆಲಸವನ್ನು ಅವರು ಕಾನೂನಿನೊಳಗೇ ಎಷ್ಟು ಸಲ ಮಾಡಿ ಮುಗಿಸಿದ್ದಾರೋ! ಅವರ ಮುಂದೆ ಟರ್ಬೊ ವಿಡಿಯೊ ಹಿಡಿದರೆ ರೇಗದೆ ಇನ್ನೇನು ಮಾಡಿಯಾರು?

ಒಪ್ಪಿಗೆ ಕೇಳಬೇಡಿ, ಕೆಲಸ ಕೇಳಿ. ‘ಅಪ್ಪ, ಭಾನುವಾರ ತೀರ್ಥಹಳ್ಳಿಗೆ ಹೋಗಿ ಬರೋಣ, ಎಂಜಿನ್ ಜಾಮ್ ಆಗಿದೆಯಾ ಅಂತ ನೀವೇ ನೋಡಿ’ ಎನ್ನಿ. ದಾರಿಯಲ್ಲಿ ಸೂಪ್ರಾ ಮಾತು ಎತ್ತಬೇಡಿ. ಅವರು ಬಾನೆಟ್ ಎತ್ತಿದ ಮೇಲೆ ನೀವು ಲೈಟು ಹಿಡಿದು ನಿಲ್ಲಿ. ಬೈದರೆ ಬೈಸಿಕೊಳ್ಳಿ, ಡಿಪೋದಲ್ಲಿ ಹೊಸಬರಿಗೆ ಕಲಿಸುವ ಭಾಷೆಯೇ ಅದು. ಆದರೆ ಒಂದು ವಿಷಯದಲ್ಲಿ ಅವರಿಗೂ ನನ್ನ ವಿನಂತಿ ತಿಳಿಸಿ: ಈ ಹುಡುಗ ನಾಲ್ಕು ಲಕ್ಷ ಉಳಿಸಿದ್ದಾನೆ, ಎರಡು ವರ್ಷ ಕೂತು ಬರೆದಿದ್ದಾನೆ. ‘ಮಾಡಬೇಡ’ ಎನ್ನುವ ಬದಲು ‘ಇದನ್ನು ಮೊದಲು ಮಾಡು’ ಎಂದು ಒಂದು ಚೀಟಿ ಬರೆದುಕೊಟ್ಟರೆ ಅವನು ಖಂಡಿತ ಮಾಡುತ್ತಾನೆ.

ಕಾರನ್ನು ಈಗಲೇ ಶಿವಮೊಗ್ಗಕ್ಕೆ ಎಳೆತರಬೇಡಿ. ಮನೆ ಮುಂದೆ ಟಾರ್ಪಾಲಿನಡಿ ಒಂದು ಮಳೆಗಾಲ ಕಳೆದರೆ ಶೆಡ್ಡಿನಲ್ಲಿ ಎಂಟು ವರ್ಷಕ್ಕೆ ಆಗದ ತುಕ್ಕು ಒಂದೇ ವರ್ಷಕ್ಕೆ ಬರುತ್ತದೆ. ಅಡಿಕೆ ಕೊಯ್ಲು ಶುರುವಾದ ಮೇಲೆ ಮಾವನಿಗೆ ಆ ಶೆಡ್ಡು ಬೇಕಾಗುತ್ತದೆ, ಅಷ್ಟರೊಳಗೆ ಚಾಕ್ ಗುರುತಿನ ಲೆಕ್ಕ, ಎಂಜಿನ್ ತಿರುಗುವ ಲೆಕ್ಕ, ಆರ್‌ಸಿ ಲೆಕ್ಕ ಮೂರೂ ಮುಗಿದಿರಲಿ. ನಾಲ್ಕು ಲಕ್ಷದಲ್ಲಿ ಎರಡನ್ನು ಬ್ಯಾಂಕಿನಲ್ಲೇ ಬಿಡಿ.

ಭದ್ರಾವತಿಯವರಿಗೆ ಎಂಜಿನ್ ಕೊಡಬೇಡಿ. ಆರ್‌ಸಿಯಲ್ಲಿರುವ ನಂಬರ್ ಆ ಬ್ಲಾಕಿನ ಮೇಲೆ ಕೊರೆದಿದೆ. ಅದು ಹೋದರೆ ನವೀಕರಣದ ದಿನ ನಿಮ್ಮ ಹತ್ತಿರ ತೋರಿಸಲು ಏನೂ ಇರುವುದಿಲ್ಲ. ಆ ಎಂಜಿನ್ ನಾಳೆ ಇನ್ಯಾವುದೋ ಗಾಡಿಯಲ್ಲಿ ಸಿಕ್ಕಿಬಿದ್ದರೆ ಪೊಲೀಸರು ಮೊದಲು ಬರುವುದು ನಿಮ್ಮ ಮಾವನ ಮನೆಗೆ. ಮೂವತ್ತು ಸಾವಿರ ಕೊಡುವಷ್ಟು ಬೇಕಾದ ಎಂಜಿನ್ ಅದು ಎಂದ ಮೇಲೆ ಭದ್ರಾವತಿಯವರ ಹತ್ತಿರವೂ ಒಂದು ಕಾಂಟೆಸ್ಸಾವೋ ಅಂಬಾಸಿಡರೋ ಇರಬೇಕು. ಅವರು ಮತ್ತೆ ಫೋನ್ ಮಾಡಿದರೆ, ಬಿಡಿ ಸಾಮಾನು ಏನಾದರೂ ಮಾರುವುದಿದೆಯೇ ಎಂದು ನೀವೇ ಕೇಳಿ ನೋಡಿ.